ಎಳೆ ಸಿಗದ ಬೆರಳುಗಳು

ನಾನು ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್ ಆಗಿದ್ದ ಕಾಲದ ಮಾತು ಇದು. ಮೈಸೂರು ಸೀಮೆಯಿಂದ ಹೋದವಳು ನಾನು. ಅಲ್ಲಿಯ ಬಿಸಿಲು, ಮಾತು, ಜೋಳದ ರೊಟ್ಟಿ ಎಲ್ಲವೂ ಅಷ್ಟರಲ್ಲಿ ನನ್ನವೇ ಆಗಿದ್ದವು. ಸ್ಕ್ಯಾನಿಂಗ್ ಕೋಣೆಯ ಮುಂದೆ ಬೆಳಗಾಗುತ್ತಲೇ ಸಾಲು ಬೆಳೆಯುತ್ತಿತ್ತು. ಬಸುರಿಯರು, ಪಿತ್ತಕೋಶದಲ್ಲಿ ಕಲ್ಲಾದವರು, ಹೊಟ್ಟೆನೋವಿನ ಮಕ್ಕಳು. ಬಾಗಿಲ ಪಕ್ಕದಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂದು ಕಾನೂನಿನ ಪ್ರಕಾರ ತೂಗುಹಾಕಿದ ಫಲಕ. ಅಲ್ಟ್ರಾಸೌಂಡ್ ಎಂದರೆ ಹೊಟ್ಟೆ ನೋಡುವ ಯಂತ್ರ ಎಂದೇ ಅಲ್ಲಿ ಕೂತವರೆಲ್ಲರ ತಿಳಿವಳಿಕೆ. ಕೈ ತೋರಿಸಲು ಬರುವವರು ಬಲು ವಿರಳ.

ದಸರೆ ಹತ್ತಿರವಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಡಯಾಲಿಸಿಸ್ ಘಟಕದಿಂದ ಒಂದು ಚೀಟಿ ಬಂತು. ‘ಎಡಗೈ ನೋವು, ಜೋಮು. ಫಿಸ್ಟುಲಾ ಡಾಪ್ಲರ್ ಮಾಡಿ’ ಎಂದಷ್ಟೇ ಬರೆದಿತ್ತು. ಡಾಪ್ಲರ್ ಎಂದರೆ ರಕ್ತದ ಹರಿವನ್ನು ತೋರಿಸುವ ಅಲ್ಟ್ರಾಸೌಂಡ್. ಚೀಟಿಯ ಹಿಂದೆಯೇ ಗಾಲಿಕುರ್ಚಿಯಲ್ಲಿ ಅರವತ್ತರ ಆಸುಪಾಸಿನ ಒಬ್ಬ ತಾಯಿ ಬಂದರು. ಆಗಷ್ಟೇ ನಾಲ್ಕು ತಾಸಿನ ಡಯಾಲಿಸಿಸ್ ಮುಗಿಸಿ, ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತಿ ಟೇಪು ಸುತ್ತಿಸಿಕೊಂಡಿದ್ದರು. ಗಾಲಿಕುರ್ಚಿ ತಳ್ಳುತ್ತಿದ್ದವಳು ಸೊಸೆ. ಇಬ್ಬರ ಮೈಮೇಲೂ ಇಳಕಲ್ ಸೀರೆ. ಇಳಕಲ್ಲಿನಿಂದ ಹುನಗುಂದ, ಅಮೀನಗಡ ದಾಟಿ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಬಂದು ಹೋಗುವವರು. ಡಯಾಲಿಸಿಸ್ ಶುರುವಾಗಿ ಹತ್ತು ವರ್ಷ ದಾಟಿತ್ತು.

ಫಿಸ್ಟುಲಾ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಡಯಾಲಿಸಿಸ್ ಯಂತ್ರಕ್ಕೆ ಪ್ರತಿ ನಿಮಿಷ ಸುಮಾರು ಕಾಲು ಲೀಟರಿನಷ್ಟು ರಕ್ತ ಹರಿದು ಹೋಗಿ ಮರಳಿ ಬರಬೇಕು. ಚರ್ಮದ ಕೆಳಗಿನ ಸಾಮಾನ್ಯ ಅಭಿಧಮನಿಗೆ ಅಷ್ಟು ರಕ್ತ ಕೊಡುವ ಶಕ್ತಿ ಇಲ್ಲ. 1966ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬ್ರೆಸ್ಶಿಯಾ, ಸಿಮಿನೊ, ಅಪೆಲ್ ಮತ್ತು ಅವರ ಸಂಗಡಿಗರು ಇದಕ್ಕೊಂದು ದಾರಿ ತೋರಿಸಿದರು. ಮಣಿಕಟ್ಟಿನ ಬಳಿ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಹೊಲಿದುಬಿಡುವುದು. ಅಪಧಮನಿಯ ರಭಸಕ್ಕೆ ಆ ಅಭಿಧಮನಿ ವಾರಗಳಲ್ಲಿ ಉಬ್ಬಿ, ಗೋಡೆ ದಪ್ಪವಾಗಿ, ದಪ್ಪ ಸೂಜಿಗೆ ಒದಗುತ್ತದೆ. ಅದರ ಮೇಲೆ ಬೆರಳಿಟ್ಟರೆ ರಕ್ತ ಝುಮ್ಮೆಂದು ಹರಿಯುವುದು ತಿಳಿಯುತ್ತದೆ. ಲಕ್ಷಾಂತರ ಜನರ ಜೀವ ಉಳಿಸಿದ ಹೊಲಿಗೆ ಅದು. ಆದ್ದರಿಂದಲೇ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈ ನೋಯುತ್ತದೆ ಎಂದೊಡನೆ ಎಲ್ಲರ ಕಣ್ಣು ಫಿಸ್ಟುಲಾದ ಮೇಲೆಯೇ ಬೀಳುತ್ತದೆ. ಚೀಟಿ ಬರೆದವರೂ ಹಾಗೆಯೇ ಎಣಿಸಿದ್ದರು.

ನಾನು ಯಂತ್ರದ ಕಡೆ ತಿರುಗುವ ಮೊದಲು ಅವರ ಕಡೆ ತಿರುಗಿ ಕೇಳಿದೆ: “ಏನಾಗುತ್ತೆ ಅಮ್ಮಾ? ನೀವೇ ಹೇಳಿ.”

“ಕೈ ಜೋಮು ಹಿಡಿತೈತಿ ಯವ್ವಾ. ಹಗಲಿಗಿಂತ ರಾತ್ರಿ ಹೆಚ್ಚು. ನಿದ್ದಿ ಹತ್ತಿತು ಅನ್ನೂದ್ರಾಗ ಎಚ್ಚರಾಕೈತಿ. ಎದ್ದು ಕುಂತು ಕೈ ಜಾಡಿಸಿದ್ರ ಸ್ವಲ್ಪ ಹಗರಾಕೈತಿ. ಇಲ್ಲಿ ಮಿಷನ್ನಿಗೆ ಹಾಕಿದಾಗೂ ಮೂರನೇ ತಾಸಿಗೆ ಶುರುವಾಕೈತಿ ನೋಡು.”

“ಎಷ್ಟು ದಿನದಿಂದ?”

“ಎರಡು ವರ್ಷ ಆತು. ಕೇಳಿದ್ರ, ಕಿಡ್ನಿ ಹೋದ ಮ್ಯಾಲ ಇದೆಲ್ಲಾ ಇರೂದ ಅಂತಾರ. ನಾನೂ ಸುಮ್ಮನಾದೆ.”

ಸೊಸೆ ನಡುವೆ ಬಾಯಿ ಹಾಕಿದಳು: “ಅತ್ತಿ ಈಗ ಕೊಂಡಿ ಹಾಕೂದು ಬಿಟ್ಟಾರ್ರೀ. ಅದನ್ನ ಹೇಳವಲ್ರು.”

ಇಳಕಲ್ ಸೀರೆಯ ಬಗ್ಗೆ ನನಗೆ ಅಷ್ಟಿಷ್ಟು ಗೊತ್ತಿತ್ತು. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಕೆಂಪು ರೇಷ್ಮೆಯ ತೋಪ್ ತೆನೆಯ ಸೆರಗು ಒಡಲಿಗೆ ಬೆಸೆಯುವುದೇ ಈ ಕೊಂಡಿಯಿಂದ. ಅದು ಮಗ್ಗದ ಮೇಲೆ ಕೂರುವ ಮೊದಲಿನ ಕೆಲಸ, ಮತ್ತು ಪ್ರತಿ ಸೀರೆಗೂ ಹೊಸದಾಗಿ ಮಾಡಬೇಕಾದ ಕೆಲಸ. ಈ ತಾಯಿ ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅದನ್ನೇ ಮಾಡಿದವರು.

ಅವರು ತಮ್ಮ ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ಉಜ್ಜುತ್ತ ಹೇಳಿದರು: “ಮೊದಲ ಕಣ್ಣು ಮುಚ್ಚಿದ್ರೂ ಬೆರಳಿಗೆ ಎಳಿ ಸಿಗತಿತ್ತು ಯವ್ವಾ. ಈಗ ಕಣ್ಣು ಬಿಟ್ಕೊಂಡು ನೋಡಿದ್ರೂ ಸಿಗವಲ್ದು.”

ಆ ಮಾತು ಕೇಳಿದ ಮೇಲೆ ಚೀಟಿಯಲ್ಲಿದ್ದ ಪ್ರಶ್ನೆ ಸಾಲದು ಅನ್ನಿಸಿತು. ಯಾವ ಯಾವ ಬೆರಳು ಎಂದು ಕೇಳಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಒಳಮಗ್ಗುಲು. ಕಿರುಬೆರಳು ಹೇಗಿದೆ ಎಂದರೆ, “ಅದಕ್ಕೇನೂ ಆಗಿಲ್ಲ” ಅಂದರು. ಬಲಗೈ? “ಅದೂ ಹಂಗ ಐತಿ, ಇಷ್ಟು ಜೋರಿಲ್ಲ.” ಫಿಸ್ಟುಲಾ ಇದ್ದದ್ದು ಎಡಗೈಯಲ್ಲಿ ಮಾತ್ರ. ಬಲಗೈಯ ಜೋಮಿಗೆ ಫಿಸ್ಟುಲಾ ಹೊಣೆಯಾಗಲು ಹೇಗೆ ಸಾಧ್ಯ? ಕಿರುಬೆರಳನ್ನು ಬಿಟ್ಟು ಮೂರೂವರೆ ಬೆರಳಿಗೆ ಮಾತ್ರ ಹಿಡಿಯುವ ಜೋಮು ಎಂದರೆ ಅದು ಮೀಡಿಯನ್ ನರದ ಹರವು. ಆ ನರ ಮಣಿಕಟ್ಟಿನ ಕಾರ್ಪಲ್ ಟನೆಲ್ ಎಂಬ ಇಕ್ಕಟ್ಟಿನ ಓಣಿಯಲ್ಲಿ ಹಾದುಹೋಗುತ್ತದೆ. ಕೆಳಗೆ ಮತ್ತು ಅಕ್ಕಪಕ್ಕದಲ್ಲಿ ಎಲುಬು, ಮೇಲೆ ಗಟ್ಟಿಯಾದ ಅಡ್ಡಪಟ್ಟಿ, ಒಳಗೆ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು. ಅವುಗಳ ಜೊತೆಗೆ ಈ ಒಂದು ನರ. ಒಳಗೆ ಏನು ಉಬ್ಬಿದರೂ ಮೊದಲು ನಲುಗುವುದು ನರವೇ.

“ಅಮ್ಮಾ, ಒಮ್ಮೆ ಕೈ ಮುಗಿಯಿರಿ” ಎಂದೆ. ಅವರು ಗಾಬರಿಯಾಗಿ ನನಗೇ ನಮಸ್ಕಾರ ಮಾಡಿದರು. ಎರಡೂ ಅಂಗೈ, ಬೆರಳು ಬುಡದಿಂದ ತುದಿಯವರೆಗೆ ಕೂಡಿದವು. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಬೆರಳಿನ ಕೀಲು ಬಿಗಿದು ಅಂಗೈ ಹೀಗೆ ಕೂಡದೆ ನಡುವೆ ಸಂದು ಉಳಿಯುವುದುಂಟು. ಇವರಿಗೆ ಆ ತೊಂದರೆ ಇರಲಿಲ್ಲ. ಆಮೇಲೆ ಅಂಗೈಗಳ ಬದಲು ಕೈಗಳ ಹಿಂಬದಿಯನ್ನು ಒಂದಕ್ಕೊಂದು ಒತ್ತಿ, ಬೆರಳು ಕೆಳಗೆ ಮಾಡಿ, ಒಂದು ನಿಮಿಷ ಹಿಡಿಯಲು ಹೇಳಿದೆ. ಇದಕ್ಕೆ ಫೇಲನ್ ಪರೀಕ್ಷೆ ಎನ್ನುತ್ತಾರೆ. ಅರ್ಧ ನಿಮಿಷವೂ ಆಗಲಿಲ್ಲ. “ಬಂತು ನೋಡು, ಬಂತು” ಎಂದು ಕೈ ಬಿಡಿಸಿಕೊಂಡರು. ಎಡಗೈಯ ಹೆಬ್ಬೆರಳ ಬುಡದಲ್ಲಿ ಉಬ್ಬಿರಬೇಕಾದ ಮಾಂಸ ತಗ್ಗಿ ಚಪ್ಪಟೆಯಾಗಿತ್ತು. ಅದನ್ನು ಕಂಡು ನನಗೆ ಸಂಕಟವಾಯಿತು. ನರ ಎರಡು ವರ್ಷದಿಂದ ಕೂಗಿಕೊಳ್ಳುತ್ತಿತ್ತು. ಕೇಳುವವರಿರಲಿಲ್ಲ.

ಹೊಟ್ಟೆ ನೋಡಲು ಮೈಮೇಲೆ ಇಡುವ ಪ್ರೋಬ್‌ನ ಅಲೆ ಆಳಕ್ಕೆ ಹೋಗುತ್ತದೆ, ಆದರೆ ಸೂಕ್ಷ್ಮ ತೋರಿಸುವುದಿಲ್ಲ. ಕೈ ನೋಡಲು ಚಪ್ಪಟೆ ಮೂತಿಯ ಲೀನಿಯರ್ ಪ್ರೋಬ್ ಬೇಕು. 12ರಿಂದ 18 ಮೆಗಾಹರ್ಟ್ಸ್ ಕಂಪನದ್ದು. ಕಂಪನ ಹೆಚ್ಚಿದಷ್ಟೂ ಶಬ್ದದ ಅಲೆ ಆಳಕ್ಕಿಳಿಯುವುದಿಲ್ಲ, ಆದರೆ ಚರ್ಮದ ಕೆಳಗಿನ ಒಂದೆರಡು ಸೆಂಟಿಮೀಟರನ್ನು ಎಳೆಎಳೆಯಾಗಿ ತೋರಿಸುತ್ತದೆ. ಮಣಿಕಟ್ಟಿನಲ್ಲಿ ನಮಗೆ ಬೇಕಾದುದೆಲ್ಲ ಅಷ್ಟರಲ್ಲೇ ಇದೆ. ಒಂದು ದಿಂಬಿನ ಮೇಲೆ ಅವರ ಎಡಗೈಯನ್ನು ಅಂಗೈ ಮೇಲಾಗಿ ಇರಿಸಿ, ಜೆಲ್ ಧಾರಾಳವಾಗಿ ಹಾಕಿದೆ. ಫಿಸ್ಟುಲಾ ಇರುವ ಕೈಯನ್ನು ಬಲವಾಗಿ ಒತ್ತಿ ನೋಡುವಂತಿಲ್ಲ. ಒತ್ತಿದರೆ ಅಭಿಧಮನಿ ಮುಚ್ಚಿಕೊಂಡು ಕಾಣುವುದೇ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಕೈ ಅವರ ಪಾಲಿಗೆ ಜೀವನಾಡಿ. ಬಿಪಿ ಪಟ್ಟಿಯನ್ನೂ ಆ ಕೈಗೆ ಕಟ್ಟಬಾರದು.

ಮೊದಲು ಚೀಟಿಯಲ್ಲಿ ಕೇಳಿದ ಫಿಸ್ಟುಲಾವನ್ನೇ ನೋಡಿದೆ. ಹರಿವು ಚೆನ್ನಾಗಿತ್ತು, ಎಲ್ಲೂ ಕಿರಿದಾಗಿರಲಿಲ್ಲ. ಬೆರಳುಗಳ ಕಡೆಗೆ ಹೋಗುವ ಅಪಧಮನಿಗಳಲ್ಲಿಯೂ ರಕ್ತ ಸರಿಯಾಗಿಯೇ ಸಾಗುತ್ತಿತ್ತು. ಬೆರಳು ಬೆಚ್ಚಗಿದ್ದವು. ಆಮೇಲೆ ಪ್ರೋಬನ್ನು ಮಣಿಕಟ್ಟಿನ ಗೆರೆಯ ಮೇಲೆ ಅಡ್ಡಕ್ಕೆ ಇಟ್ಟೆ.

ಸ್ನಾಯುರಜ್ಜುಗಳು ಬೆಳ್ಳಗೆ ಕಂಡವು. ಬೆರಳು ಮಡಚಿ ಬಿಡಿಸಲು ಹೇಳಿದೆ. ಅವು ಒಂದರ ಪಕ್ಕ ಒಂದು ಸರಿದಾಡಿದವು. ಪ್ರೋಬನ್ನು ತುಸು ಓರೆ ಮಾಡಿದರೆ ರಜ್ಜುಗಳು ಕಪ್ಪಾಗುತ್ತವೆ, ನರ ಅಷ್ಟಾಗಿ ಬಣ್ಣ ಬದಲಿಸುವುದಿಲ್ಲ. ಅದರಿಂದಲೇ ಇದು ನರ, ಇದು ರಜ್ಜು ಎಂದು ಬೇರ್ಪಡಿಸುತ್ತೇವೆ. ಆರೋಗ್ಯದ ಮೀಡಿಯನ್ ನರವನ್ನು ಅಡ್ಡಕ್ಕೆ ನೋಡಿದಾಗ ಪುಟ್ಟ ಪುಟ್ಟ ಕಪ್ಪು ಚುಕ್ಕೆಗಳೂ ಅವುಗಳ ನಡುವೆ ಬಿಳಿ ಗೆರೆಗಳೂ ಕಾಣಬೇಕು. ಇವರ ನರದಲ್ಲಿ ಚುಕ್ಕೆಗಳೆಲ್ಲ ಕಲಸಿಹೋಗಿ ಒಂದೇ ಕಪ್ಪು ಮುದ್ದೆಯಾಗಿತ್ತು. ಓಣಿಯ ಬಾಯಲ್ಲಿ ಊದಿ, ಒಳಗೆ ಹೋಗುತ್ತಿದ್ದಂತೆ ಚಪ್ಪಟೆಯಾಗಿತ್ತು. ಮೇಲಿನ ಅಡ್ಡಪಟ್ಟಿ ಅಂಗೈ ಕಡೆಗೆ ಬಾಗಿ ನಿಂತಿತ್ತು.

ನರದ ಸುತ್ತ ಗೆರೆ ಎಳೆದು ಅಳತೆ ತೆಗೆದೆ. ಮಣಿಕಟ್ಟಿನ ಬಳಿ ಸಾಮಾನ್ಯವಾಗಿ 9–10 ಚದರ ಮಿಲಿಮೀಟರಿನ ಒಳಗಿರಬೇಕಾದ ನರ ಎಡಗೈಯಲ್ಲಿ 18 ಇತ್ತು. ಬಲಗೈಯಲ್ಲಿ 13. ಡಯಾಲಿಸಿಸ್‌ನವರಲ್ಲಿ ಒಂದು ಅಂಕಿಯನ್ನು ನೆಚ್ಚಿಕೊಂಡು ತೀರ್ಪು ಕೊಡಬಾರದು. ಮೂತ್ರಪಿಂಡ ಸೋತಾಗ ರಕ್ತದಲ್ಲಿ ಉಳಿಯುವ ಕಲ್ಮಶ ಎಲ್ಲ ನರಗಳನ್ನೂ ಬಾಧಿಸಬಲ್ಲದು. ಹಾಗಾಗಿ ಅದೇ ನರವನ್ನು ಮುಂದೋಳಿನ ನಡುವಿನಲ್ಲಿಯೂ ಅಳೆದೆ. ಅಲ್ಲಿ ಎರಡೂ ಕೈಯಲ್ಲಿ 7 ಮಾತ್ರ. ಎರಡು ಜಾಗಗಳ ನಡುವೆ 2 ಚದರ ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ನರ ಮಣಿಕಟ್ಟಿನಲ್ಲಿ ಸಿಕ್ಕಿಕೊಂಡಿದೆ ಎಂಬ ಅನುಮಾನ ಬಲವಾಗುತ್ತದೆ. ಇಲ್ಲಿ ಅಂತರ ಅದಕ್ಕಿಂತ ಎಷ್ಟೋ ಮುಂದೆ ಹೋಗಿತ್ತು.

ಪ್ರೋಬನ್ನು ಉದ್ದಕ್ಕೆ ತಿರುಗಿಸಿದಾಗ ಅವರು ಪರದೆಯನ್ನೇ ದಿಟ್ಟಿಸುತ್ತಿದ್ದರು. “ಇದ ನರನ ಏನವ್ವಾ?” ಎಂದು ಕೇಳಿದರು. ಹೌದು ಎಂದೆ. “ನೂಲಿನ ಲಡಿ ಇದ್ದಂಗ ಐತಿ. ಇಲ್ಲಿ ಯಾರೋ ಬಿಗಿದು ಕಟ್ಯಾರ ನೋಡು” ಎಂದು ಚಪ್ಪಟೆಯಾದ ಜಾಗಕ್ಕೇ ಬೆರಳು ತೋರಿಸಿದರು. ನಾನು ವರದಿಯಲ್ಲಿ ಬರೆಯಬೇಕಿದ್ದುದೂ ಅದೇ.

ಆದರೆ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಇತ್ತು. ಸ್ನಾಯುರಜ್ಜುಗಳ ಸುತ್ತಲಿನ ಪೊರೆ ದಪ್ಪಗೆ, ಮಬ್ಬಾಗಿ ಬೆಳೆದಿತ್ತು. ಸಂಧಿವಾತದಲ್ಲಿ ಹೀಗೆ ಪೊರೆ ದಪ್ಪವಾದಾಗ ಡಾಪ್ಲರ್ ಹಾಕಿದರೆ ರಕ್ತದ ಬಣ್ಣ ಮಿನುಗುವುದುಂಟು. ಇಲ್ಲಿ ಬಣ್ಣವೇ ಇರಲಿಲ್ಲ. ಯಾವುದೋ ವಸ್ತು ಸದ್ದಿಲ್ಲದೆ ಬಂದು ತುಂಬಿಕೊಂಡಿತ್ತು. ನಾನು ಮೇಲಿನ ಮಹಡಿಗೆ ಫೋನು ಮಾಡಿ ನಮ್ಮ ನೆಫ್ರಾಲಜಿ ವೈದ್ಯರನ್ನು ಕರೆದೆ. ಅವರು ಬಂದು ಪರದೆ ನೋಡಿದವರೇ, “ಇಷ್ಟು ವರ್ಷ ಡಯಾಲಿಸಿಸ್ ಮೇಲೆ ಬದುಕಿದ್ದಾರಲ್ಲ, ಅಮಿಲಾಯ್ಡ್ ಇರಬಹುದು” ಎಂದರು.

ಈ ಅಮಿಲಾಯ್ಡ್‌ನ ಕತೆ ದೊಡ್ಡದು. ಡಯಾಲಿಸಿಸ್ ಮೇಲಿರುವವರಿಗೆ ಕಾರ್ಪಲ್ ಟನೆಲ್ ತೊಂದರೆ ಬರುತ್ತದೆ ಎಂದು 1975ರಲ್ಲಿ ವಾರೆನ್ ಮತ್ತು ಒಟಿಯೆನೊ ಬರೆದರು. ಆಗ ಅನೇಕರು ಫಿಸ್ಟುಲಾದ ಮೇಲೆಯೇ ಗುಮಾನಿ ಪಟ್ಟಿದ್ದರು. 1980ರಲ್ಲಿ ಫ್ರಾನ್ಸಿನ ಅಸ್ಸೆನಾ ಮತ್ತು ಸಂಗಡಿಗರು ಆ ಓಣಿಯಿಂದ ತೆಗೆದ ಅಂಗಾಂಶದಲ್ಲಿ ಅಮಿಲಾಯ್ಡ್ ಎಂಬ ಅಂಟು ಪ್ರೋಟೀನಿನ ಶೇಖರಣೆ ಕಂಡರು. ಅದು ಯಾವ ಪ್ರೋಟೀನು ಎಂದು 1985ರಲ್ಲಿ ಜಪಾನಿನ ಗೆಜ್ಯೊ ಮತ್ತು ಸಂಗಡಿಗರು ಗುರುತಿಸಿದರು: ಬೀಟಾ-2 ಮೈಕ್ರೊಗ್ಲೋಬ್ಯುಲಿನ್. ನಮ್ಮ ದೇಹದ ಬಹುಪಾಲು ಜೀವಕೋಶಗಳ ಮೇಲೆ ಇರುವ ಪುಟ್ಟ ಪ್ರೋಟೀನು ಅದು. ದಿನವೂ ಕಳಚಿ ರಕ್ತಕ್ಕೆ ಬರುತ್ತದೆ, ಮೂತ್ರಪಿಂಡ ಅದನ್ನು ಸೋಸಿ ಮುಗಿಸುತ್ತದೆ. ಮೂತ್ರಪಿಂಡ ನಿಂತರೆ ಅದಕ್ಕೆ ಹೋಗಲು ದಾರಿಯಿಲ್ಲ. ರಕ್ತದಲ್ಲಿ ಹತ್ತಾರು ಪಟ್ಟು ಏರುತ್ತದೆ.

ಡಯಾಲಿಸಿಸ್ ಅದನ್ನೇಕೆ ತೆಗೆಯುವುದಿಲ್ಲ ಎಂದು ಸೊಸೆ ಕೇಳಿದಳು. ನೆಫ್ರಾಲಜಿ ವೈದ್ಯರು ತಾಳ್ಮೆಯಿಂದ ವಿವರಿಸಿದರು. ಯೂರಿಯಾದ ಅಣುತೂಕ 60, ಕ್ರಿಯಾಟಿನಿನ್‌ನದು 113. ಅವು ಫಿಲ್ಟರಿನ ರಂಧ್ರದಲ್ಲಿ ಸಲೀಸಾಗಿ ನುಸುಳುತ್ತವೆ. ಬೀಟಾ-2 ಮೈಕ್ರೊಗ್ಲೋಬ್ಯುಲಿನ್‌ನದು ಸುಮಾರು 11,800. ಹಳೆಯ ಬಗೆಯ ಫಿಲ್ಟರಿನಲ್ಲಿ ಅದು ಹಾಯುವುದೇ ಇಲ್ಲ. ದೊಡ್ಡ ರಂಧ್ರದ ಹೈ-ಫ್ಲಕ್ಸ್ ಫಿಲ್ಟರು ಒಂದಿಷ್ಟು ತೆಗೆಯುತ್ತದೆ, ಹಿಮೋಡಯಾಫಿಲ್ಟ್ರೇಷನ್ ಎಂಬ ವಿಧಾನ ಇನ್ನೂ ಹೆಚ್ಚು. ಆದರೂ ಮೂತ್ರಪಿಂಡ ಹಗಲಿರುಳು ಮಾಡುವ ಕೆಲಸವನ್ನು ವಾರಕ್ಕೆ ಎಂಟು–ಹನ್ನೆರಡು ತಾಸಿನಲ್ಲಿ ಯಾವ ಯಂತ್ರವೂ ಪೂರೈಸಲಾರದು. ಉಳಿದದ್ದು ವರ್ಷ ವರ್ಷ ಕೀಲು, ಎಲುಬು, ರಜ್ಜುಗಳಲ್ಲಿ ಕೂರುತ್ತದೆ. ಭುಜ ನೋಯುತ್ತದೆ, ಬೆರಳು ಮಡಚಿದರೆ ಸಿಕ್ಕಿಕೊಂಡು ಟಕ್ಕೆಂದು ಬಿಚ್ಚುತ್ತದೆ, ಮಣಿಕಟ್ಟಿನಲ್ಲಿ ನರ ಅಮುಕಿಹೋಗುತ್ತದೆ. ಡಯಾಲಿಸಿಸ್ ಮೇಲೆ ಬದುಕು ಉದ್ದವಾದಷ್ಟೂ ಇದು ಹೆಚ್ಚು.

ಆ ತಾಯಿ ಎಲ್ಲವನ್ನೂ ಕೇಳಿ ಒಂದೇ ಮಾತು ಕೇಳಿದರು: “ಇದಕ್ಕ ಮದ್ದು ಐತೇನ್ರಿ?”

ಇತ್ತು. ಮೇಲಿನ ಅಡ್ಡಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುವ ಸಣ್ಣ ಶಸ್ತ್ರಚಿಕಿತ್ಸೆ. ನೆಫ್ರಾಲಜಿ ವೈದ್ಯರು ಅಲ್ಲೇ ಮೂಳೆ ವೈದ್ಯರಿಗೆ ಚೀಟಿ ಬರೆದರು.

ಆ ದಿನದ ಕತೆ ಅಲ್ಲಿಗೆ ಮುಗಿಯಲಿಲ್ಲ. ಆ ತಾಯಿ ಡಯಾಲಿಸಿಸ್ ಘಟಕಕ್ಕೆ ಮರಳಿ ತಮ್ಮ ಕೈ ಸ್ಕ್ಯಾನ್ ಮಾಡಿದರು ಎಂದು ಹೇಳಿದ್ದೇ ತಡ, ಪಕ್ಕದ ಹಾಸಿಗೆಯ ಹುಡುಗನೊಬ್ಬ ತಾನೂ ತೋರಿಸಬೇಕೆಂದು ಪಟ್ಟು ಹಿಡಿದ. ಮುಧೋಳದ ಕಡೆಯವನು, ಟಂಟಂ ಓಡಿಸುತ್ತಿದ್ದ. ಸಂಜೆ ಹೊತ್ತಿಗೆ ಅವನನ್ನೂ ಕಳಿಸಿದರು. ಅವನಿಗೂ ಎಡಗೈ, ಅವನಿಗೂ ಜೋಮು, ಅವನಿಗೂ ಡಯಾಲಿಸಿಸ್ ನಡೆಯುವಾಗಲೇ ನೋವು. ಬಾಯಿಮಾತಿಗೆ ಎರಡೂ ಒಂದೇ ಕಾಯಿಲೆ.

“ಯಾವ ಬೆರಳಪ್ಪಾ?” ಎಂದು ಕೇಳಿದೆ. “ಐದಕ್ಕೂ ಮೇಡಂ. ತಣ್ಣಗಾಗಿ ಬಿಡ್ತಾವ್ರಿ. ಮುಂಜಾನೆ ಗಾಡಿ ಹ್ಯಾಂಡಲ್ ಹಿಡ್ಯಾಕ ಆಗೂದಿಲ್ಲ.”

ಮುಟ್ಟಿ ನೋಡಿದೆ. ಬಲಗೈ ಬೆಚ್ಚಗಿತ್ತು, ಎಡಗೈ ಬೆರಳು ತಣ್ಣಗೆ, ಬಿಳಿಚಿಕೊಂಡಿದ್ದವು. ನಡುಬೆರಳ ತುದಿಯಲ್ಲಿ ಮಾಯದ ಒಂದು ಸಣ್ಣ ಗಾಯ. ಅವನ ಫಿಸ್ಟುಲಾ ಮೊಣಕೈಯ ಬಳಿ ಮಾಡಿದ್ದು. ಅಲ್ಲಿಯ ಅಪಧಮನಿ ದೊಡ್ಡದು. ಮೀಡಿಯನ್ ನರವನ್ನು ಅಳೆದೆ, ಮಣಿಕಟ್ಟಿನಲ್ಲಿ 8. ಚುಕ್ಕೆ ಗೆರೆ ಎಲ್ಲ ಸ್ಪಷ್ಟವಾಗಿದ್ದವು. ಪ್ರೋಬನ್ನು ಅಪಧಮನಿಯ ಮೇಲೆ ಸರಿಸಿ ಡಾಪ್ಲರ್ ಹಾಕಿದಾಗ ಕಾರಣ ಕಂಡಿತು. ಮಣಿಕಟ್ಟಿನ ಅಪಧಮನಿಯಲ್ಲಿ ರಕ್ತ ಬೆರಳ ಕಡೆಗೆ ಹೋಗುವ ಬದಲು ಹಿಂದಕ್ಕೆ, ಫಿಸ್ಟುಲಾ ಕಡೆಗೆ ಹರಿಯುತ್ತಿತ್ತು. ಫಿಸ್ಟುಲಾ ಮೇಲೆ ಒಂದು ಕ್ಷಣ ಹಗುರವಾಗಿ ಬೆರಳೊತ್ತಿದೆ. ಪರದೆಯ ಮೇಲೆ ಬಣ್ಣ ತಿರುಗಿ, ರಕ್ತ ಮುಂದಕ್ಕೆ ಹರಿಯಿತು. ಬೆರಳು ತೆಗೆದೆ, ಮತ್ತೆ ಹಿಂದಕ್ಕೆ. ಅವನ ಫಿಸ್ಟುಲಾ ನಿಮಿಷಕ್ಕೆ 2 ಲೀಟರಿಗೂ ಹೆಚ್ಚು ರಕ್ತ ಎಳೆದುಕೊಳ್ಳುತ್ತಿತ್ತು. ಡಯಾಲಿಸಿಸ್‌ಗೆ 600 ಮಿಲಿಲೀಟರ್ ಹರಿವಿದ್ದರೆ ಸಾಕು. ವಿಶ್ರಾಂತಿಯಲ್ಲಿ ಹೃದಯ ಇಡೀ ದೇಹಕ್ಕೆ ದೂಡುವುದೇ ನಿಮಿಷಕ್ಕೆ ಸುಮಾರು 5 ಲೀಟರು. ಕೈಗೆ ಸಲ್ಲಬೇಕಾದ ರಕ್ತವನ್ನು ಫಿಸ್ಟುಲಾ ಕದಿಯುತ್ತಿತ್ತು. ವೈದ್ಯರು ಇದನ್ನು ಸ್ಟೀಲ್ (steal), ಅಂದರೆ ಕಳವು, ಎಂದೇ ಕರೆಯುತ್ತಾರೆ.

ಇವನಿಗೆ ಮಣಿಕಟ್ಟು ಕೊಯ್ದಿದ್ದರೆ ಪ್ರಯೋಜನವಿಲ್ಲದ ಗಾಯವಾಗುತ್ತಿತ್ತು, ಅದೂ ರಕ್ತ ಕಡಿಮೆಯಾದ ಕೈಯಲ್ಲಿ. ಆ ತಾಯಿಯ ಫಿಸ್ಟುಲಾವನ್ನು ಕಟ್ಟಿಹಾಕಿದ್ದರೆ ಒಳ್ಳೆಯ ಜೀವನಾಡಿಯೊಂದು ಸುಮ್ಮನೆ ಹಾಳಾಗುತ್ತಿತ್ತು, ಜೋಮು ಹಾಗೆಯೇ ಉಳಿಯುತ್ತಿತ್ತು. ಒಂದೇ ದಿನ, ಒಂದೇ ಯಂತ್ರ, ಹತ್ತಿಪ್ಪತ್ತು ನಿಮಿಷದ ನೋಟ ಇಬ್ಬರ ದಾರಿಯನ್ನೂ ಬೇರೆ ಮಾಡಿತು. ನನ್ನ ವೃತ್ತಿಯಲ್ಲಿ ಯಂತ್ರದ ಬಗ್ಗೆ ಅಷ್ಟು ಕೃತಜ್ಞತೆ ಅನ್ನಿಸಿದ ದಿನಗಳು ಕಡಿಮೆ.

ಕಾರ್ಪಲ್ ಟನೆಲ್‌ಗೆ ಅಲ್ಟ್ರಾಸೌಂಡ್ ಹೊಸದಲ್ಲ. ಆಸ್ಟ್ರಿಯಾದ ಬುಖ್‌ಬರ್ಗರ್ ಮತ್ತು ಸಂಗಡಿಗರು 1991ರಲ್ಲೇ ನರ ಊದುವುದನ್ನೂ ಚಪ್ಪಟೆಯಾಗುವುದನ್ನೂ ಪರದೆಯ ಮೇಲೆ ತೋರಿಸಿದ್ದರು. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಅದು ವಿಶೇಷವಾಗಿ ಒಪ್ಪುತ್ತದೆ. ಎಂಆರ್‌ಐ ಚಿತ್ರ ಚೆನ್ನಾಗಿ ಬರುತ್ತದೆ, ಆದರೆ ದುಬಾರಿ, ಎಲ್ಲ ಊರಲ್ಲೂ ಇಲ್ಲ. ಎಂಆರ್‌ಐಗೆ ಚುಚ್ಚುತ್ತಿದ್ದ ಹಳೆಯ ಬಗೆಯ ಗ್ಯಾಡೊಲಿನಿಯಂ ಔಷಧಿಗಳಿಂದ ಮೂತ್ರಪಿಂಡ ಸೋತವರ ಚರ್ಮ, ಕೀಲು ಗಟ್ಟಿಯಾಗುವ ಭೀಕರ ತೊಂದರೆ ಬರುತ್ತದೆಂದು 2006ರಲ್ಲಿ ತಿಳಿದಮೇಲೆ ವೈದ್ಯರು ಆ ವಿಷಯದಲ್ಲಿ ಎಚ್ಚರವಾಗಿದ್ದಾರೆ. ಅಲ್ಟ್ರಾಸೌಂಡ್‌ಗೆ ಸೂಜಿ ಬೇಡ, ಔಷಧಿ ಬೇಡ, ವಿಕಿರಣವಿಲ್ಲ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟ ಮೈಯಲ್ಲಿ ರಕ್ತ ಸುರಿಯುವ ಭಯವಿಲ್ಲ. ನರ, ರಜ್ಜು, ರಕ್ತನಾಳ ಮೂರನ್ನೂ ಒಂದೇ ಸಲಕ್ಕೆ ನೋಡಬಹುದು. ಎರಡೂ ಕೈ ಹೋಲಿಸಬಹುದು. ಬೆರಳು ಆಡಿಸಿ ನೋಡಬಹುದು. ಕೈ ಊದಿದವರಲ್ಲಿ ತೋಳಿನ ಅಭಿಧಮನಿ ಕಟ್ಟಿದೆಯೇ ಎಂದು ತಿಳಿಯಬಹುದು. ಕೀಲಿನ ಬಳಿ ಸುಣ್ಣದ ಗಂಟು ಕಟ್ಟಿದ್ದರೆ ಅದೂ ಕಾಣುತ್ತದೆ.

ಅದರ ಮಿತಿಯನ್ನೂ ಹೇಳಬೇಕು. ನರ ಹೇಗೆ ಕಾಣುತ್ತದೆ ಎಂದು ಅಲ್ಟ್ರಾಸೌಂಡ್ ಹೇಳುತ್ತದೆ. ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವುದು ನರಗಳ ವಿದ್ಯುತ್ ಪರೀಕ್ಷೆ. ಆ ತಾಯಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಅದನ್ನೂ ಮಾಡಿಸಿದೆವು. ಎರಡೂ ಒಂದೇ ಮಾತು ಹೇಳಿದವು. ದಪ್ಪವಾದ ಪೊರೆ ಅಮಿಲಾಯ್ಡೇ ಎಂದು ಖಚಿತಪಡಿಸುವುದು ಅಂಗಾಂಶದ ಪರೀಕ್ಷೆಯೊಂದೇ. ಎಲುಬಿನ ಸವೆತ ನೋಡಲು ಎಕ್ಸ್-ರೇ ಬೇಕು. ಇವೆಲ್ಲಕ್ಕಿಂತ ಮೊದಲು, ಯಾವ ಬೆರಳು, ಯಾವ ಹೊತ್ತು ಎಂದು ಕೇಳುವ ಬಾಯಿ ಬೇಕು, ಮುಟ್ಟಿ ನೋಡುವ ಕೈ ಬೇಕು. ಅವಿಲ್ಲದೆ ಪ್ರೋಬ್ ಇಟ್ಟರೆ ಚೀಟಿಯಲ್ಲಿ ಬರೆದದ್ದಕ್ಕೆ ಮಾತ್ರ ಉತ್ತರ ಸಿಗುತ್ತದೆ.

ಡಯಾಲಿಸಿಸ್ ಇಲ್ಲದ ದಿನ ನೋಡಿ ಎಡಗೈಯ ಶಸ್ತ್ರಚಿಕಿತ್ಸೆ ನಡೆಯಿತು. ಸಾಮಾನ್ಯವಾಗಿ ರಕ್ತ ತಡೆಯಲು ರಟ್ಟೆಗೆ ಟೂರ್ನಿಕೆಟ್ ಬಿಗಿಯುತ್ತಾರೆ. ಫಿಸ್ಟುಲಾ ಇರುವ ಕೈಯಲ್ಲಿ ರಕ್ತ ಹೆಪ್ಪುಗಟ್ಟೀತೆಂಬ ಅಂಜಿಕೆ. ನಮ್ಮ ಶಸ್ತ್ರವೈದ್ಯರು ಅದನ್ನು ಬಿಗಿಯದೆ, ಆ ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ನಿಧಾನವಾಗಿ ಪಟ್ಟಿ ಬಿಡಿಸಿದರು. ತೆಗೆದ ಪೊರೆಯ ತುಣುಕನ್ನು ಪೆಥಾಲಜಿಗೆ ಕಳಿಸಿದರು. ಕಾಂಗೋ ರೆಡ್ ಬಣ್ಣ ಹಾಕಿ ಧ್ರುವೀಕೃತ ಬೆಳಕಿನಲ್ಲಿ ನೋಡಿದಾಗ ಹಸಿರು ಹೊಳೆಯಿತು ಎಂದು ವರದಿ ಬಂತು. ಅಮಿಲಾಯ್ಡ್‌ನ ಗುರುತು ಅದೇ. ಟಂಟಂ ಹುಡುಗನಿಗೆ ರಕ್ತನಾಳದ ಶಸ್ತ್ರವೈದ್ಯರು ಫಿಸ್ಟುಲಾದ ಬಾಯಿಯ ಬಳಿ ಪಟ್ಟಿ ಬಿಗಿದು ಹರಿವನ್ನು ಅರ್ಧಕ್ಕೆ ಇಳಿಸಿದರು. ಬೆರಳು ಬೆಚ್ಚಗಾದವು, ಗಾಯ ಮಾಯಿತು, ಫಿಸ್ಟುಲಾವೂ ಉಳಿಯಿತು.

ಆ ತಾಯಿಗೆ ಮೊದಲು ಮರಳಿದ್ದು ನಿದ್ದೆ. ಶಸ್ತ್ರಚಿಕಿತ್ಸೆಯಾದ ವಾರದೊಳಗೆ ರಾತ್ರಿ ಎಚ್ಚರವಾಗುವುದು ನಿಂತಿತು. ಬೆರಳ ತುದಿಯ ಅರಿವು ಬರಲು ತಿಂಗಳುಗಳು ಹಿಡಿದವು, ಪೂರ್ತಿ ಬರಲಿಲ್ಲ. ಹೆಬ್ಬೆರಳ ಬುಡದಲ್ಲಿ ಕರಗಿದ ಮಾಂಸ ತುಂಬಿಕೊಳ್ಳಲಿಲ್ಲ. ಆಮೇಲೆ ಬಲಗೈಗೂ, ನರ ಅಷ್ಟು ಹಾಳಾಗುವ ಮೊದಲೇ, ಶಸ್ತ್ರಚಿಕಿತ್ಸೆಯಾದ್ದರಿಂದ ಅದು ಚೆನ್ನಾಗಿ ಸುಧಾರಿಸಿತು. ಅವರು ಮತ್ತೆ ಕೊಂಡಿಗೆ ಕೂತರು. ಸೊಸೆ ಎಳೆ ಹಿಡಿದು ಕೊಡುತ್ತಿದ್ದಳು, ಇವರು ಬಲಗೈಯಿಂದ ಕೂಡಿಸುತ್ತಿದ್ದರು. ಮೊದಲಿನ ವೇಗವಿರಲಿಲ್ಲ. ಆದರೂ ಕೆಲಸ ಮತ್ತೆ ಅವರದಾಗಿತ್ತು.

ಆ ಎರಡು ವರ್ಷ ಮೊದಲೇ ಯಾರಾದರೂ ಆ ಕೈಗಳನ್ನು ನೋಡಿದ್ದರೆ ಎರಡೂ ಉಳಿಯುತ್ತಿದ್ದವು ಎಂಬ ನೋವು ನನಗೆ ಇಂದಿಗೂ ಇದೆ. ಆ ಘಟನೆಯ ನಂತರ ನಮ್ಮ ಘಟಕದಲ್ಲಿ ಒಂದು ಪದ್ಧತಿ ಮಾಡಿಕೊಂಡೆವು. ತಿಂಗಳಿಗೊಮ್ಮೆ ಪರೀಕ್ಷೆಗೆ ರಕ್ತ ತೆಗೆದುಕೊಳ್ಳುವ ದಿನ ಟೆಕ್ನಿಶಿಯನ್ನರು ಎಲ್ಲರ ಕೈಗಳ ವಿಚಾರ ಕೇಳುವುದು: ರಾತ್ರಿ ಜೋಮು ಬರುತ್ತದೆಯೇ, ಯಾವ ಬೆರಳು, ಗುಂಡಿ ಹಾಕಲು ಬರುತ್ತದೆಯೇ, ಬೆರಳು ತಣ್ಣಗಾಗುತ್ತದೆಯೇ. ಅನುಮಾನ ಬಂದವರನ್ನು ಸ್ಕ್ಯಾನಿಗೆ ಕಳಿಸುವುದು. ಅದಕ್ಕೆ ಹೊಸ ಯಂತ್ರವೂ ಬೇಕಾಗಲಿಲ್ಲ, ಹೊಸ ಹಣವೂ ಬೇಕಾಗಲಿಲ್ಲ.

2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ ಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಈ ಚಿಕಿತ್ಸೆ ಬಡವರ ಕೈಗೆಟುಕುತ್ತಿದೆ. ಜನ ಹೆಚ್ಚು ವರ್ಷ ಬದುಕುತ್ತಾರೆ, ಬದುಕಲೇಬೇಕು. ಹಾಗಾಗಿ ಇಂಥ ಕೈಗಳು ನಮ್ಮ ಮುಂದೆ ಇನ್ನೂ ಹೆಚ್ಚಾಗಿಯೇ ಬರಲಿವೆ. ನಿಮ್ಮ ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಇದ್ದರೆ ಇವತ್ತೇ ಅವರ ಪಕ್ಕ ಕೂತು ಎರಡೂ ಕೈ ಹಿಡಿದು ನೋಡಿ. ಬೆಚ್ಚಗಿವೆಯೇ, ಹೆಬ್ಬೆರಳ ಬುಡ ತುಂಬಿದೆಯೇ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿ. ಇದೆಲ್ಲ ಇರುವುದೇ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ; ಎರಡೂ ಕೈಗಳ ನರ ಮತ್ತು ರಕ್ತನಾಳ ಎರಡನ್ನೂ ಅಲ್ಟ್ರಾಸೌಂಡ್‌ನಲ್ಲಿ ನೋಡಿಸಿ ಎಂದು ವೈದ್ಯರನ್ನು ಕೇಳಿ. ಅಮುಕಿದ ನರ ಬೇಗ ಬಿಡಿಸಿದರೆ ಚೇತರಿಸಿಕೊಳ್ಳುತ್ತದೆ. ತಡವಾದರೆ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ.